ಜಿಡ್ಡು ಮತ್ತು ಅದರ ಕಾವಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬೆಳೆದವರಿಗೆ ಎಣ್ಣೆಯೆಂದೊಡನೆ ಎರಡು ಚಿತ್ರಗಳು ನೆನಪಾಗುತ್ತವೆ. ಒಂದು, ಜೋಳದ ರೊಟ್ಟಿಯ ಮಗ್ಗುಲಲ್ಲಿ ಶೇಂಗಾ ಚಟ್ನಿಪುಡಿಯನ್ನು ಗುಡ್ಡೆ ಮಾಡಿ, ನಡುವೆ ಗುಣಿ ತೋಡಿ, ಅದರೊಳಗೆ ಬಿಟ್ಟುಕೊಳ್ಳುವ ಒಂದು ಚಮಚ ಹಸಿ ಎಣ್ಣೆ. ಇನ್ನೊಂದು, ಸಂಜೆಯ ಹೊತ್ತು ಬೀದಿಯಲ್ಲಿ ಮಿರ್ಚಿ ಕರಿಯುವ ಬಾಣಲೆಯ ಕಪ್ಪು ಎಣ್ಣೆ. ಎರಡೂ ಒಂದೇ ಗಾಣದಿಂದ ಬಂದಿರಬಹುದು. ಆದರೆ ದೇಹಕ್ಕೆ ಅವೆರಡೂ ಒಂದೇ ಅಲ್ಲ.

ಈ ಮಾತನ್ನು ನಾನು ತಡವಾಗಿ ಅರಿತೆ. ನನ್ನ ಅಣ್ಣನಿಗೆ ಹೃದಯಾಘಾತವಾದಾಗ, ಜಿಡ್ಡು ಕಡಿಮೆ ಮಾಡಿರೆಂದು ವೈದ್ಯರು ಹೇಳಿದರು. ಅಮ್ಮ ಅಂದೇ ಶೇಂಗಾ ಪುಡಿಯ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅಣ್ಣ ಮನೆಯಲ್ಲಿ ಸಪ್ಪೆ ಊಟ ಮಾಡಿ, ಸಂಜೆ ಮಂಡಕ್ಕಿ ಮಿರ್ಚಿಗೆ ಹೊರಗೆ ಹೋಗುತ್ತಿದ್ದ, ಬೀಡಿಯನ್ನೂ ಬಿಟ್ಟಿರಲಿಲ್ಲ. ಎರಡನೆಯ ಆಘಾತದಲ್ಲಿ ಅವನು ಉಳಿಯಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮ, ರಸಾಯನಶಾಸ್ತ್ರ ಕಲಿಸುವ ಮಗನೆಂದು ನನ್ನನ್ನು ಕೇಳಿದಳು: “ಯಪ್ಪಾ, ನಾವು ಬಿಡಿಸಬೇಕಾಗಿದ್ದು ಯಾವುದನ್ನ?” ಈ ಭಾಷಣ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಕೊಬ್ಬು ನಮ್ಮ ವೈರಿಯಲ್ಲ. 1929ರಲ್ಲಿ ಅಮೆರಿಕದ ಬರ್ ದಂಪತಿಗಳು ಕೊಬ್ಬಿಲ್ಲದ ಆಹಾರದಲ್ಲಿ ಸಾಕಿದ ಇಲಿಗಳು ಬೆಳೆಯದೆ ರೋಗಗ್ರಸ್ತವಾದುದನ್ನು ತೋರಿಸಿದರು. ಕೆಲವು ಮೇದಾಮ್ಲಗಳನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ನಮ್ಮ ಶೇಂಗಾ ಕಾಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನು. ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಹೇರಳ. ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಒಮೆಗಾ-3 ವರ್ಗದ ಲಿನೋಲೆನಿಕ್ ಆಮ್ಲ.

ಆದರೆ ಈ ಅಪರ್ಯಾಪ್ತ ಮೇದಾಮ್ಲಗಳಿಗೆ ಒಂದು ದೌರ್ಬಲ್ಯವಿದೆ. ಆಮ್ಲಜನಕ ಅವುಗಳನ್ನು ಸುಲಭವಾಗಿ ಕೆಡಿಸುತ್ತದೆ. ಕಣದಲ್ಲಿ ಒಂದು ಬಣವೆಗೆ ಕಿಡಿ ಬಿದ್ದರೆ ಪಕ್ಕದ ಬಣವೆಗೂ ಬೆಂಕಿ ಹಬ್ಬುವಂತೆ, ಕೆಟ್ಟ ಒಂದು ಅಣು ಪಕ್ಕದ ಅಣುವನ್ನು ಕೆಡಿಸುತ್ತ ಹೋಗುತ್ತದೆ. ಹಳೆಯ ಎಣ್ಣೆ ಕಮಟು ಹಿಡಿಯುವುದು ಹೀಗೆಯೇ. ನಮ್ಮ ಜೀವಕೋಶಗಳ ಪೊರೆಗಳೂ ಕೊಬ್ಬಿನಿಂದಾದವು. ಅಲ್ಲಿಯೂ ಇದೇ ಕ್ರಿಯೆ ನಡೆಯಬಲ್ಲದು. ಕಿಡಿಯನ್ನು ತಮ್ಮ ಮೈಮೇಲೆ ತೆಗೆದುಕೊಂಡು ಸರಪಳಿಯನ್ನು ಕಡಿಯುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಎಣ್ಣೆಕಾಳಿನಲ್ಲಿರುವ ಇ-ಜೀವಸತ್ವ ಇಂಥದೊಂದು ಕಾವಲುಗಾರ.

ಈ ಕಾವಲಿನ ಅಧ್ಯಯನ ನಮ್ಮ ನಾಡಿನಲ್ಲಿಯೇ ನಡೆದಿದೆ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕೊಬ್ಬಿನ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಬಿ. ಆರ್. ಲೋಕೇಶ್ ಅವರು ಪುಲ್ಲಾರೆಡ್ಡಿಯವರೊಡನೆ 1992ರಲ್ಲಿ ಪ್ರಕಟಿಸಿದ ಪ್ರಬಂಧ ಗಮನಾರ್ಹ. ಇಲಿಯ ಯಕೃತ್ತಿನ ಪೊರೆಗಳಲ್ಲಿ ಕೊಬ್ಬು ಕೆಡುವುದನ್ನು ಅರಿಸಿನದ ಕರ್ಕ್ಯುಮಿನ್, ಲವಂಗದ ಯುಜಿನಾಲ್, ಒಣಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗಳು ತಡೆದವು. ಕರಿಮೆಣಸು, ಶುಂಠಿ, ಜೀರಿಗೆಗಳ ಸಾರಗಳ ಪ್ರಭಾವ ಅಲ್ಪವಾಗಿತ್ತು. ಇದು ಪ್ರಯೋಗಶಾಲೆಯ ಮಾತು. ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತವನ್ನು ಸೇರುವುದು ಅತ್ಯಲ್ಪವೆಂಬುದನ್ನೂ ಮರೆಯಬಾರದು.

ಹಾಗಾದರೆ ಕಾವಲುಗಾರರನ್ನೇ ಗುಳಿಗೆ ಮಾಡಿ ನುಂಗಿದರಾಗದೆ? ಫಿನ್ಲೆಂಡಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ-ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಿತು. ಬೀಡಿಯನ್ನು ಉಳಿಸಿಕೊಂಡು ಗುಳಿಗೆಯಿಂದ ಪಾರಾಗುವ ದಾರಿಯಿಲ್ಲ. ಊಟದೊಳಗಿನ ಕಾವಲು ಬೇರೆ, ಸೀಸೆಯೊಳಗಿನ ಕಾವಲು ಬೇರೆ.

ಈಗ ಬಾಣಲೆಗೆ ಬರೋಣ. ಉರಿ, ಗಾಳಿ, ಹಿಟ್ಟಿನ ನೀರು ಮೂರೂ ಸೇರಿದಲ್ಲಿ ಎಣ್ಣೆ ಬಹು ಬೇಗ ಒಡೆಯುತ್ತದೆ. ಇ-ಜೀವಸತ್ವ ಸವೆದುಹೋಗುತ್ತದೆ, ಆಮೇಲೆ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆಯೆದ್ದು, ಬೇಗ ಹೊಗೆಯಾಡತೊಡಗುತ್ತದೆ. ಕರಿಯುವ ಎಣ್ಣೆಯಲ್ಲಿ ಇಂಥ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಕೂಡದೆಂಬ ಸರ್ಕಾರಿ ನಿಯಮ 2018ರ ಜುಲೈ 1ರಿಂದ ಜಾರಿಗೆ ಬಂದಿದೆ. ಅಳೆಯುವ ಉಪಕರಣ ನಮ್ಮ ಕೈಯಲ್ಲಿಲ್ಲ. ಆದರೆ ಕಣ್ಣು, ಮೂಗುಗಳಿವೆ. ನಿನ್ನೆಯ ಎಣ್ಣೆಗೆ ಇಂದಿನ ಎಣ್ಣೆಯನ್ನು ಸುರಿದು ಹೊಸದು ಮಾಡಲಾಗುವುದಿಲ್ಲ.

ಹಸಿ ಎಣ್ಣೆಯೂ ಮಿತಿ ಮೀರಬಾರದು: ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಹಿಟ್ಟಿಗೆ 4. ಬೂಸಲು ಹಿಡಿದ ಶೇಂಗಾವನ್ನು ಗಾಣಕ್ಕೆ ಹಾಕಲೂಬಾರದು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅಗಸೆ, ಗುರೆಳ್ಳುಗಳನ್ನು ಸ್ವಲ್ಪಸ್ವಲ್ಪವಾಗಿ ಹುರಿದು ಪುಡಿ ಮಾಡಿ ಬೇಗ ಬಳಸುವ ನಮ್ಮ ಹಿರಿಯರ ಪದ್ಧತಿ ಈ ದೃಷ್ಟಿಯಿಂದ ವಿವೇಕದ್ದು.

ಅಣ್ಣನನ್ನು ಕೊಂದದ್ದು ಮಿರ್ಚಿಯೆಂದು ನಾನು ಹೇಳಲಾರೆ. ಒಂದು ಜೀವ ಹೋಗುವುದಕ್ಕೆ ಕಾರಣಗಳು ಹಲವು. ಆದರೆ ಅಮ್ಮನ ಪ್ರಶ್ನೆಗೆ ಉತ್ತರವಿದೆ. ಬಿಡಿಸಬೇಕಾಗಿದ್ದುದು ಮೊದಲು ಬೀಡಿಯನ್ನು, ಆಮೇಲೆ ಆ ಕಪ್ಪು ಬಾಣಲೆಯನ್ನು. ಅಟ್ಟದ ಮೇಲಿನ ಡಬ್ಬಿಯನ್ನು ಕೆಳಗಿಳಿಸಿ, ಅವನ ತಟ್ಟೆಗೆ ಒಂದು ಚಮಚ ಪುಡಿಯನ್ನು ಬಡಿಸಬಹುದಾಗಿತ್ತು.