ಚೀಟಿಯೂ ಕಲಿಯುತ್ತದೆ!

ಹೊಸ ಅಕ್ಕಿ ಮನೆಗೆ ಬಂದರೆ ಮೊದಲ ದಿನ ಏನು ಮಾಡುತ್ತೀರಿ? ವಾಡಿಕೆಯ ಅಳತೆಗೇ ನೀರಿಡುತ್ತೀರಿ. ಅನ್ನ ಮುದ್ದೆಯಾಯಿತೋ, ಮರುದಿನ ಅರ್ಧ ಲೋಟ ಕಡಿಮೆ. ಹಳೆಯ ಅಂದಾಜಿಗೆ ಕಣ್ಣಾರೆ ಕಂಡದ್ದನ್ನು ಸೇರಿಸಿ ಹೊಸ ಅಂದಾಜು! ಇದಕ್ಕೆ ಲೆಕ್ಕದ ರೂಪ ಕೊಟ್ಟವರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1763ರಲ್ಲಿ.

ಇದಕ್ಕೂ ಸ್ತನ ಕ್ಯಾನ್ಸರಿಗೂ ಏನು ನಂಟು ಅಂತೀರಾ?

ಹೊಸ ಔಷಧಿಯ ಪರೀಕ್ಷೆಯಲ್ಲಿ ಯಾರಿಗೆ ಹೊಸದು, ಯಾರಿಗೆ ಹಳೆಯದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ ಅರ್ಧಕ್ಕರ್ಧ ಪಾಲು. ನಡುವೆ ಏನು ಕಂಡರೂ ಅದು ಬದಲಾಗದು. ಅಮೆರಿಕದಲ್ಲಿ 2010ರಲ್ಲಿ ಶುರುವಾದ ‘ಐ-ಸ್ಪೈ 2’ ಪ್ರಯೋಗ ಬೇರೆ ದಾರಿ ಹಿಡಿಯಿತು. ಅದರ ಹಿಂದಿದ್ದವರು ಶಸ್ತ್ರವೈದ್ಯೆ ಲಾರಾ ಎಸ್ಸರ್ಮನ್ ಮತ್ತು ಸಂಖ್ಯಾಶಾಸ್ತ್ರಜ್ಞ ಡಾನ್ ಬೆರ್ರಿ. ಶಸ್ತ್ರಕ್ರಿಯೆಗೆ ಮುಂಚೆಯೇ ಔಷಧಿ ಕೊಟ್ಟು, ಕ್ಯಾನ್ಸರ್ ಪೂರ್ತಿ ಮಾಯವಾಯಿತೇ ಎಂದು ನೋಡುವುದು. ಒಂದು ಬಗೆಯ ಗಡ್ಡೆಗೆ ಯಾವ ಔಷಧಿ ನಾಟಿತೋ, ಅಂಥದೇ ಗಡ್ಡೆಯ ಮುಂದಿನ ಹೆಂಗಸಿಗೆ ಅದೇ ಸಿಗುವ ಸಂಭವ ಹೆಚ್ಚುತ್ತಿತ್ತು. ಒಂದು ಔಷಧಿಗೆ ಹೆಚ್ಚೆಂದರೆ 120 ಮಂದಿ ಸಾಕು. ನೆರಾಟಿನಿಬ್ ಎಂಬ ಮಾತ್ರೆ ಒಂದು ಬಗೆಯ ಗಡ್ಡೆಗೆ ಹೀಗೆ ‘ಪಾಸಾದ’ ವರದಿ 2016ರಲ್ಲಿ ಬಂತು.

ಮೊದಮೊದಲು ಸೇರಿದವಳಿಗೆ ಈ ಅನುಕೂಲವಿಲ್ಲ. ಅವಳಿಂದ ಕಲಿತದ್ದು ನಂತರದವಳಿಗೆ. ಅದು ನನಗೆ ಸ್ವಲ್ಪ ಚುಚ್ಚುತ್ತದೆ. ಆದರೆ ನಾಲ್ಕು ಜನ ಗುಣವಾದರೆಂದು ಎಲ್ಲರಿಗೂ ಅದನ್ನೇ ಕೊಡಲಾದೀತೇ? ಅದೃಷ್ಟವೂ ಇರಬಹುದು. ಹಾಗಾಗಿ ಹೋಲಿಕೆಗೆಂದು ಹಳೆಯ ಚಿಕಿತ್ಸೆಗೂ ಒಂದು ಪಾಲು ಮೀಸಲಿತ್ತು.

ನಿಮ್ಮವರನ್ನು ಯಾರಾದರೂ ಔಷಧಿ ಪ್ರಯೋಗಕ್ಕೆ ಕರೆದರೆ, ಸಹಿಗೆ ಮುಂಚೆ ಕೇಳಿ: ಚೀಟಿಯ ಪಾಲು ಎಷ್ಟೆಷ್ಟು? ನಡುವೆ ಬದಲಾಗುತ್ತದೆಯೇ? ಬೇಡವೆನಿಸಿದರೆ ಬಿಟ್ಟು ಬರಬಹುದೇ?