ಪರದೇಶದಲ್ಲಿ ಸ್ತ್ರೀಯರ ನಿರ್ಭಯ ಸಂಚಾರ

ಮೋವಾಬ್ ದೇಶದ ರೂತಳು ತನ್ನ ಅತ್ತೆಯೊಡನೆ ಬೇತ್ಲೆಹೇಮಿಗೆ ಬಂದು, ಸುಗ್ಗಿಯ ಕಾಲದಲ್ಲಿ ಪರರ ಹೊಲದಲ್ಲಿ ಹಕ್ಕಲಾಯ್ದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅತ್ತೆಯ ಮೇಲೆ ಆಕೆಗಿದ್ದ ಪ್ರೀತಿಯನ್ನು ಕುರಿತು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಅದೇ ವೃತ್ತಾಂತದಲ್ಲಿ ಬೋವಜನು ಆಡಿದ ಒಂದು ಮಾತಿಗೆ ನಾವು ಬಹುಕಾಲ ಲಕ್ಷ್ಯ ಕೊಡಲಿಲ್ಲ. ಆತನು ರೂತಳಿಗೆ ತನ್ನ ಹೆಣ್ಣಾಳುಗಳ ಸಂಗಡವೇ ಇರಬೇಕೆಂದು ಹೇಳಿದ್ದಲ್ಲದೆ, ಆಕೆಯನ್ನು ಮುಟ್ಟಕೂಡದೆಂದು ಗಂಡಾಳುಗಳಿಗೂ ಆಜ್ಞಾಪಿಸಿದ್ದನು. ಸಂಜೆ ಮನೆಗೆ ಬಂದ ಸೊಸೆಗೆ ನೊವೊಮಿಯು, ಬೇರೆ ಹೊಲಕ್ಕೆ ಹೋದರೆ ತೊಂದರೆ ಆದೀತು, ಅಲ್ಲಿಯೇ ಇರುವದು ಒಳ್ಳೇದು ಎಂದಳು. ಒಂದೇ ಊರಿನಲ್ಲಿ ಒಂದು ಹೊಲ ಪರದೇಶದ ಹೆಣ್ಣಿಗೆ ಕ್ಷೇಮ, ಮಗ್ಗುಲ ಹೊಲ ಅಪಾಯ! ಈ ಭೇದಕ್ಕೆ ಕಾರಣವು ರೂತಳ ನಡತೆಯಲ್ಲ. ಆಳುಗಳಿಗೆ ಅಪ್ಪಣೆಯಾಗಿತ್ತೋ ಇಲ್ಲವೋ ಎಂಬದೇ.

ಈಗ ನಮ್ಮ ಶಾಲೆಯಿಂದ ಹೊರಟ ಹುಡುಗಿಯರು ದಾದಿಯರಾಗಿಯೂ ವಿದ್ಯಾರ್ಥಿನಿಯರಾಗಿಯೂ ಸಮುದ್ರದಾಚೆಗೆ ಹೋಗುತ್ತಿರುವರು. ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ ಸಂಬಳದ್ದಲ್ಲ, “ಅಲ್ಲಿ ಒಬ್ಬಳೇ ಇರಬಹುದೇ?” ಎಂಬದು. ಇದಕ್ಕೆ ಎಲ್ಲಾ ದೇಶಗಳಿಗೂ ಒಪ್ಪುವ ಒಂದು ಉತ್ತರ ಕೊಡಲಾಗದು. ಆದಕಾರಣ ಹೆಂಗಸರಿಗೆ ಅತ್ಯಂತ ಸುರಕ್ಷಿತವೆಂದು ಹೊಗಳಿಸಿಕೊಳ್ಳುವ ದೇಶಗಳಲ್ಲಿ ಒಂದಾದ ಜಪಾನನ್ನು ತೆಗೆದುಕೊಂಡು, ಆ ಹೊಗಳಿಕೆಯಲ್ಲಿ ಸತ್ಯವೆಷ್ಟೆಂಬದನ್ನು ವಿಚಾರಿಸುತ್ತೇವೆ.

ಈ ಕೀರ್ತಿ ಹೊಸದಲ್ಲ. 1878ರಲ್ಲಿ ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯು ತನ್ನ 46ನೆಯ ವಯಸ್ಸಿನಲ್ಲಿ, ಇತೋ ಎಂಬ ತರುಣ ದುಭಾಷಿಯೊಬ್ಬನನ್ನು ಮಾತ್ರ ಸಂಗಡ ಕರೆದುಕೊಂಡು ಟೋಕಿಯೋ ನಗರದಿಂದ ಉತ್ತರಕ್ಕೆ ಹೊರಟಳು. ಮೊದಲನೆಯ ರಾತ್ರಿ ಕಸುಕಾಬೆ ಎಂಬ ಊರಿನ ಛತ್ರದಲ್ಲಿ ತಂಗಬೇಕಾಯಿತು. ಕೋಣೆಯ ಗೋಡೆಗಳೆಂದರೆ ಕಾಗದ ಅಂಟಿಸಿದ ಜಾರುಕದಗಳು, ಕಾಗದದ ತೂತುಗಳಲ್ಲಿ ಇಣಿಕುವ ಕಣ್ಣುಗಳು, ಬೀಗವಿಲ್ಲ, ಅಗುಳಿಯಿಲ್ಲ. ಆಚೆಯ ಕೋಣೆಗಳಲ್ಲಿ ಗಂಡಸರ ಗದ್ದಲ. ಹಣವೋ, ಕೈನೀಡಿ ಎತ್ತಿಕೊಳ್ಳುವಷ್ಟು ಸಮೀಪದಲ್ಲಿ ಬಿದ್ದಿತ್ತು. ಆ ರಾತ್ರಿ ಆಕೆ ನಿಜವಾಗಿ ಹೆದರಿದಳು. ಬಳಿಕ 1,200 ಮೈಲುಗಳ ಪ್ರಯಾಣವನ್ನು ಮುಗಿಸಿ, ಆ ಭಯಕ್ಕಾಗಿ ತಾನೇ ನಕ್ಕು, ಒಬ್ಬ ಸ್ತ್ರೀಯು ಅಪಾಯವಾಗಲಿ ಅವಮರ್ಯಾದೆಯಾಗಲಿ ಇಲ್ಲದೆ ಇಷ್ಟು ನಿಶ್ಚಿಂತಳಾಗಿ ಸಂಚರಿಸಬಹುದಾದ ದೇಶ ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು ತನ್ನ ಗ್ರಂಥದಲ್ಲಿ ಬರೆದಳು. ದಾರಿಯಲ್ಲಿ ಆಕೆಯ ಚರ್ಮದ ಪಟ್ಟಿಯೊಂದು ಬಿದ್ದುಹೋಗಿರಲು, ಕುದುರೆಯಾಳು ಕತ್ತಲಲ್ಲಿ ಸುಮಾರು ಎರಡೂವರೆ ಮೈಲು ಹಿಂದಕ್ಕೆ ನಡೆದು ಅದನ್ನು ಹುಡುಕಿ ತಂದು, ಕೊಡಹೋದ ಕಾಸನ್ನು ಮುಟ್ಟಲಿಲ್ಲವಂತೆ.

ಭಯವೂ ಅಪಾಯವೂ ಒಂದೇ ಅಲ್ಲ. ಗುರುತಿಲ್ಲದ ಮುಖ, ತಿಳಿಯದ ಭಾಷೆ, ಅಗುಳಿಯಿಲ್ಲದ ಬಾಗಿಲು ಇವು ಭಯವನ್ನು ಹುಟ್ಟಿಸುವವು. ವಾರವೆರಡು ವಾರಗಳಲ್ಲಿ ಅದು ತಾನಾಗಿಯೇ ಕರಗುವದು. ಆದರೆ ಈ ಮಹಿಳೆಯ ಕ್ಷೇಮಕ್ಕೆ ಹಳ್ಳಿಗರ ಸೌಜನ್ಯವೊಂದೇ ಕಾರಣವೆಂದು ಎಣಿಸಬಾರದು. ಆಕೆಯ ಕೈಯಲ್ಲಿ ಸರಕಾರದ ರಹದಾರಿ ಇತ್ತು. ಹೋದ ಊರುಗಳಲ್ಲಿ ಪೊಲೀಸರು ಅದನ್ನು ನೋಡುತ್ತಿದ್ದರು. ಪರದೇಶಸ್ಥರಿಗೆ ಕೇಡಾದರೆ ಊರಿನವರು ಉತ್ತರ ಹೇಳಬೇಕಾಗುತ್ತಿತ್ತು. ಬೋವಜನ ಅಪ್ಪಣೆ ಇಲ್ಲಿಯೂ ಆಗಿತ್ತೆನ್ನಬಹುದು. ಆಕೆ ಅತಿಥಿ. ಅತಿಥಿಗೆ ಸಿಕ್ಕುವ ಮರ್ಯಾದೆ ಮನೆಯ ಮಗಳಿಗೆ ಸಿಕ್ಕುವದೆಂಬ ನಿಯಮವೇನೂ ಇಲ್ಲ. ಅದೇ ಕಾಲದಲ್ಲಿ ಬಡವರ ಹೆಣ್ಣುಮಕ್ಕಳು ಮುಂಗಡ ಹಣಕ್ಕಾಗಿ ವೇಶ್ಯಾವಾಟಿಕೆಗಳಿಗೆ ಸೇರಿಸಲ್ಪಡುತ್ತಿದ್ದರು. ಟೋಕಿಯೋದಲ್ಲಿ ಕ್ರೈಸ್ತ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದ ಯಾಜಿಮಾ ಕಾಜಿಕೊ ಎಂಬಾಕೆ 1886ರಲ್ಲಿ ಸ್ತ್ರೀಯರ ಮದ್ಯಪಾನ ನಿರೋಧಕ ಸಂಘವನ್ನು ಸ್ಥಾಪಿಸಿದಾಗ ಈ ಅನ್ಯಾಯವೂ ಆ ಸಂಘದ ಕಣ್ಣಿಗೆ ಬಿತ್ತು. ಎರಡು ವರುಷಗಳ ಮೇಲೆ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಅಮೇರಿಕದಿಂದ ಹಿಂದಿರುಗುವಾಗ ಜಪಾನಿನಲ್ಲಿ ಇಳಿದರು. ಮೂವತ್ತರ ವಯಸ್ಸಿನ ಒಬ್ಬ ವಿಧವೆ ಹೀಗೆ ಸಮುದ್ರಗಳನ್ನು ದಾಟಿದ್ದನ್ನು ನೆನೆದಾಗ, ವಿಮಾನದಲ್ಲಿ ಹೋಗುವ ನಮ್ಮ ಹುಡುಗಿಯರ ಭಯ ಚಿಕ್ಕದಾಗಿ ಕಾಣುವದುಂಟು; ಹಾಗೆಂದು ಅದನ್ನು ನಾವು ಹಾಸ್ಯ ಮಾಡುವದಿಲ್ಲ.

ಇಂದು ಹೋಗುವವಳು ಅತಿಥಿಯಲ್ಲ. ಅಲ್ಲಿ ಮನೆ ಹಿಡಿದು, ಮುಂಜಾನೆ ಎದ್ದು ಕೆಲಸಕ್ಕೆ ಓಡುವವಳು. ಆದ್ದರಿಂದ ಆ ದೇಶದ ಹೆಣ್ಣುಮಕ್ಕಳ ಸುಖವೂ ದುಃಖವೂ ಆಕೆಯದೂ ಆಗುವವು. ಸುಖವನ್ನು ಮೊದಲು ಹೇಳೋಣ. ಬೀದಿಯ ಮೂಲೆಗಳಲ್ಲಿ ಕೋಬಾನ್ ಎಂಬ ಚಿಕ್ಕ ಪೊಲೀಸು ಚೌಕಿಗಳುಂಟು. 1874ರಲ್ಲಿ ಟೋಕಿಯೋದಲ್ಲಿ ಆರಂಭವಾದ ಈ ಏರ್ಪಾಡು ಈಗ ದೇಶದಲ್ಲೆಲ್ಲಾ ಹಬ್ಬಿ, ಇಂಥ ಚೌಕಿಗಳು ಸುಮಾರು 6,000 ಇವೆ. ದಾರಿ ತಪ್ಪಿದವರು ವಿಳಾಸ ಕೇಳುವದು, ಸಿಕ್ಕಿದ ಕೈಚೀಲವನ್ನು ಒಪ್ಪಿಸುವದು ಇಲ್ಲಿಯೇ. ಪ್ರಾಥಮಿಕ ಶಾಲೆಯ ಮಕ್ಕಳು ಹಿರಿಯರಿಲ್ಲದೆ ನಡೆದು ಶಾಲೆಗೆ ಹೋಗುವರು. ರಾತ್ರಿ ಹತ್ತು ಗಂಟೆಗೆ ಹೆಂಗಸೊಬ್ಬಳು ನಿಲ್ದಾಣದಿಂದ ಮನೆಗೆ ನಡೆದುಹೋಗುವದು ಅಲ್ಲಿ ಯಾರ ಹುಬ್ಬನ್ನೂ ಏರಿಸದು. ಈ ಸ್ವಾತಂತ್ರ್ಯವನ್ನು ನಾವು ಅಲ್ಪವೆಂದು ತಿಳಿಯಲಾರೆವು.

ದುಃಖವಿರುವದು ರೈಲಿನಲ್ಲಿ. ಮುಂಜಾನೆಯ ಹೊತ್ತು ಕೈಯನ್ನೂ ಅಲ್ಲಾಡಿಸಲಾರದಷ್ಟು ಜನ ತುಂಬಿದ ಬಂಡಿಗಳಲ್ಲಿ ಹೆಂಗಸರ ಮೈಮುಟ್ಟುವ ದುಷ್ಟರುಂಟು. ಇಂಥವನಿಗೆ ಅಲ್ಲಿಯ ಭಾಷೆಯಲ್ಲಿ ‘ಚಿಕಾನ್’ ಎಂದು ಹೆಸರು. (ನಮ್ಮ ಹೋಟೆಲುಗಳ ಕೋಳಿಯ ಪದಾರ್ಥವನ್ನು ನೆನೆದು ನಗಬೇಡಿರಿ, ಈ ಶಬ್ದವನ್ನು ಕಲಿತೇ ಹೋಗತಕ್ಕದ್ದು.) ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯರೇ ಅನೇಕ ವೇಳೆ ಇವರಿಗೆ ಗುರಿ. ಈ ಪೀಡೆ ಹಳೆಯದು. 1912ರಷ್ಟು ಹಿಂದೆಯೇ ಟೋಕಿಯೋದ ಚುವೋ ರೈಲುಮಾರ್ಗದಲ್ಲಿ ಶಾಲಾ ಬಾಲಿಕೆಯರಿಗೋಸ್ಕರ ಪ್ರತ್ಯೇಕ ಗಾಡಿಯನ್ನು ಓಡಿಸಿದ್ದರು. ಜನರು ಅದನ್ನು ಹೂವಿನ ಬಂಡಿ ಎಂದು ಕರೆದರು. ಹೆಸರು ಸುಂದರವಾಗಿದೆ, ಆದರೆ ಅದರಲ್ಲಿ ನೋಡುವವನ ಕಣ್ಣಿದೆಯೇ ಹೊರತು ಒಳಗೆ ಕೂತವಳ ಮನಸ್ಸಿಲ್ಲ. ನಮ್ಮ ದೇಶದಲ್ಲಿಯಾದರೋ 1890ರ ರೈಲ್ವೆ ಕಾಯಿದೆಯೇ ಪ್ರಯಾಣಿಕರ ಬಂಡಿಗಳಲ್ಲಿ ಹೆಂಗಸರಿಗೆ ಬೇರೆ ವಿಭಾಗವಿರಬೇಕೆಂದು ವಿಧಿಸಿತ್ತು.

ರಮಾಬಾಯಿಯವರು ಆ ತೀರವನ್ನು ಮುಟ್ಟಿದ ಸರಿಯಾಗಿ ನೂರು ವರುಷಗಳ ಮೇಲೆ, 1988ರ ನವೆಂಬರ್ ತಿಂಗಳಲ್ಲಿ, ಓಸಾಕಾ ನಗರದ ಮಿದೊಸುಜಿ ಎಂಬ ನೆಲದಡಿಯ ರೈಲಿನಲ್ಲಿ ಇಬ್ಬರು ಗಂಡಸರು ಒಬ್ಬ ಹೆಂಗಸನ್ನು ಪೀಡಿಸುತ್ತಿದ್ದರು. ಇದನ್ನು ಕಂಡ ಮತ್ತೊಬ್ಬ ತರುಣಿಯು ಅವರನ್ನು ಗದರಿಸಿದಳು. ಆ ದುಷ್ಟರು ಆಕೆಯನ್ನೇ ಹಿಡಿದುಕೊಂಡು ಹೋಗಿ, ಸ್ತ್ರೀಯ ಮೇಲೆ ನಡೆಯಬಹುದಾದ ಅತಿ ಘೋರವಾದ ಅಪರಾಧವನ್ನು ಮಾಡಿದರು. ಸುತ್ತಲೂ ಪ್ರಯಾಣಿಕರಿದ್ದರು, ಆಕೆಗೆ ಯಾರೂ ನೆರವಾಗಲಿಲ್ಲ. ಬಾಲಿಕೆಯರ ಕೈಗೆ ಹೋಗುವ ಈ ಸಂಚಿಕೆಯಲ್ಲಿ ಇದನ್ನು ಬರೆಯಬೇಕೋ ಬೇಡವೋ ಎಂದು ನಾವು ಬಹಳ ಯೋಚಿಸಿದೆವು. ಬರೆಯದಿದ್ದರೆ, “ಕೂಗಿದರೆ ಸಾಕು, ಯಾರಾದರೂ ಬರುವರು” ಎಂಬ ನಮ್ಮ ಹಳೆಯ ಬುದ್ಧಿವಾದವು ಅರೆಸತ್ಯವಾಗಿಯೇ ಉಳಿಯುವದು. ಕೂಗುವ ಧೈರ್ಯ ಹೆಣ್ಣಿನದು. ತಿರುಗಿ ನೋಡುವ ಧರ್ಮ ಮಿಕ್ಕವರದು. ಅಲ್ಲಿ ತಪ್ಪಿದ್ದು ಎರಡನೆಯದು.

ಓಸಾಕಾದ ಸ್ತ್ರೀಯರು ಸಂಘ ಕಟ್ಟಿಕೊಂಡು ರೈಲಿನ ಅಧಿಕಾರಿಗಳ ಬಾಗಿಲು ತಟ್ಟಿದರು. ಅಲ್ಲಿಯ ವರೆಗೆ ಭಿತ್ತಿಪತ್ರಗಳು ಹೆಂಗಸರಿಗೆ ಎಚ್ಚರಿಕೆ ಹೇಳುತ್ತಿದ್ದವು. 1990ರ ದಶಕದಲ್ಲಿ, ಹೀಗೆ ಮಾಡುವದು ಅಪರಾಧವೆಂದು ಗಂಡಸರಿಗೆ ಹೇಳುವ ಭಿತ್ತಿಪತ್ರಗಳು ಬಂದವು. ನಮ್ಮ ಅಭಿಪ್ರಾಯದಲ್ಲಿ ಈ ಒಂದು ಬದಲಾವಣೆ ಹತ್ತು ಹೊಸ ದೀಪಕಂಬಗಳಿಗಿಂತ ದೊಡ್ಡದು. 2000ದ ಡಿಸೆಂಬರಿನಲ್ಲಿ ಟೋಕಿಯೋದ ಕೇಯೋ ರೈಲಿನವರು ತಡರಾತ್ರಿಯ ಬಂಡಿಗಳಲ್ಲಿ ಹೆಂಗಸರ ಗಾಡಿಯನ್ನು ಪರೀಕ್ಷಾರ್ಥವಾಗಿ ಓಡಿಸಿ, ಮರುವರುಷ ಸ್ಥಿರಪಡಿಸಿದರು. 2005ರ ಹೊತ್ತಿಗೆ ರಾಜಧಾನಿಯ ಅನೇಕ ಮಾರ್ಗಗಳಿಗೆ ಅದು ಹರಡಿತು. ಕಾನೂನು ಇನ್ನೂ ನಿಧಾನ. 1907ರ ದಂಡಸಂಹಿತೆಯಲ್ಲಿದ್ದ ಸ್ತ್ರೀದೂಷಣೆಯ ವಿಧಿಗಳು 2017ರಲ್ಲಿ ಮೊದಲ ಸಲ ವಿಶೇಷವಾಗಿ ತಿದ್ದಲ್ಪಟ್ಟವು. 2023ರಲ್ಲಿ ಒಪ್ಪಿಗೆಯಿಲ್ಲದಿರುವದೇ ಅಪರಾಧದ ತಿರುಳೆಂದು ಸ್ಪಷ್ಟವಾಗಿ, ಒಪ್ಪಿಗೆ ಕೊಡಲು ಯೋಗ್ಯವೆಂದು ಎಣಿಸುವ ವಯಸ್ಸು 13ರಿಂದ 16ಕ್ಕೆ ಏರಿತು.

ಅಲ್ಲಿ ವಾಸಕ್ಕೆ ಹೋಗುವವರಿಗೆ ಕೆಲವು ಮಾತು. ಒಬ್ಬಳೇ ಇರುವ ಹೆಂಗಸು ನೆಲಮಟ್ಟದ ಮನೆಯನ್ನು ಹಿಡಿಯದಿರುವದು, ಒಗೆದ ಬಟ್ಟೆಯನ್ನು ಬೀದಿಗೆ ಕಾಣುವಂತೆ ಒಣಹಾಕದಿರುವದು, ಬಾಗಿಲಲ್ಲಿ ಪೂರ್ಣ ಹೆಸರನ್ನು ಬರೆಯದಿರುವದು ಅಲ್ಲಿಯವರೇ ಪಾಲಿಸುವ ವಾಡಿಕೆ. ಕಡೆಯ ರೈಲು ನಡುರಾತ್ರಿಯ ಸುಮಾರಿಗೆ ನಿಂತುಹೋಗುವದು. ಬಳಿಕ ಬಾಡಿಗೆ ಮೋಟಾರು ಬಹಳ ದುಬಾರಿ. ಹೆಂಗಸರ ಗಾಡಿ ನಿಲ್ಲುವ ಸ್ಥಳವನ್ನು ನಿಲ್ದಾಣದ ನೆಲದ ಮೇಲೆ ಸಾಮಾನ್ಯವಾಗಿ ಗುಲಾಬಿ ಬಣ್ಣದಲ್ಲಿ ಗುರುತು ಮಾಡಿರುವರು. ಬಹುತೇಕ ಅದು ಕೆಲಸದ ದಿನಗಳ ಮುಂಜಾನೆಗೆ ಮಾತ್ರ, ಆದ್ದರಿಂದ ಹೊತ್ತನ್ನು ಓದಿಕೊಳ್ಳಬೇಕು. ಗಂಡಸರು ಅದನ್ನು ಹತ್ತದಿರುವದು ಕಾನೂನಿನ ಭಯದಿಂದಲ್ಲ, ರೈಲಿನವರ ವಿನಂತಿಯನ್ನು ಮನ್ನಿಸಿ.

2015ರಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು, ದಿನದಿನವೂ ರೈಲಿನಲ್ಲಿ ಪೀಡೆಗೊಳಗಾಗಿ ಬೇಸತ್ತು, ತಾಯಿಯೊಡನೆ ಕೂತು ಒಂದು ಚೀಟಿಯನ್ನು ಮಾಡಿದಳು. ಮೈಮುಟ್ಟುವದು ಅಪರಾಧ, ತಾನು ಅತ್ತು ಸುಮ್ಮನಾಗುವವಳಲ್ಲ ಎಂಬ ಅರ್ಥದ ಮಾತುಗಳನ್ನು ಅದರಲ್ಲಿ ಬರೆದು ತನ್ನ ಚೀಲಕ್ಕೆ ಎದ್ದು ಕಾಣುವಂತೆ ಕಟ್ಟಿಕೊಂಡಳು. ಪೀಡೆ ನಿಂತಿತು. ಆಮೇಲೆ ಜನರು ಚಂದಾ ಕೂಡಿಸಿ, ಅಂಥದನ್ನೇ ಪದಕದ ರೂಪದಲ್ಲಿ ಮಾಡಿಸಿ ಮಿಕ್ಕ ಬಾಲಿಕೆಯರಿಗೂ ಸಿಕ್ಕುವಂತೆ ಮಾಡಿದರು. ಟೋಕಿಯೋದ ಪೊಲೀಸರ ಒಂದು ಮೊಬೈಲು ಸಾಧನವೂ ಉಂಟು. ಬಾಯಿಂದ ಮಾತು ಹೊರಡದವಳು ಗುಂಡಿಯನ್ನು ಒತ್ತಿದರೆ ಅದೇ ಗಟ್ಟಿಯಾಗಿ ಕೂಗುವದು. ಮಾತು ಹೊರಡುವವಳು “ಯಮೆತೆ ಕುದಸಾಯ್” ಎಂದರೆ ನಿಲ್ಲಿಸಿರಿ ಎಂದೂ, “ತಸುಕೆತೆ” ಎಂದರೆ ಕಾಪಾಡಿರಿ ಎಂದೂ ಅರ್ಥ. ಪೊಲೀಸರನ್ನು ಕರೆಯುವ ಸಂಖ್ಯೆ 110.