ಬೀದರ ಸೀಮೆಯ ಹಳೆಯ ಕಾಗದಗಳು

ಪ್ರಶ್ನೆ: ಬೀದರ, ಭಾಲ್ಕಿ, ಔರಾದ ಪ್ರದೇಶಗಳ ಹಳೆಯ ಛಾಯಾಚಿತ್ರಗಳನ್ನೂ ಪತ್ರಗಳನ್ನೂ ಎಲ್ಲಿ ಅರಸಬೇಕು?

ಉತ್ತರ: 1956ರವರೆಗೆ ಬೀದರ ಜಿಲ್ಲೆಯು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ, ನಿಜಾಮರ ಆಡಳಿತದ ಪಾರಸಿ ಹಾಗೂ ಉರ್ದು ದಾಖಲೆಗಳಿಗಾಗಿ ಜಿಜ್ಞಾಸುವು ಬೆಂಗಳೂರಿಗಿಂತ ಮೊದಲು ಹೈದರಾಬಾದಿನ ರಾಜ್ಯ ಪತ್ರಾಗಾರಕ್ಕೆ ಹೋಗತಕ್ಕದ್ದು. ಸ್ಮಾರಕಗಳ ಚಿತ್ರಗಳಿಗೆ ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರವನ್ನು ಕುರಿತ ಬೃಹದ್ಗ್ರಂಥವೇ ಉತ್ತಮ ಆಕರ.

ಆದರೆ ಜನಜೀವನದ ಸಾಕ್ಷ್ಯವಿರುವುದು ಮನೆಗಳ ಪೆಟ್ಟಿಗೆಗಳಲ್ಲಿ. ಹಿಂದೆ ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ ಜನಿಸಿದ, ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಚನ್ನಬಸವ ಪಟ್ಟದೇವರು, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ, ನಿಜಾಮರ ಆಳ್ವಿಕೆಯ ಆ ದುರ್ದಿನಗಳ ಒಂದು ಹಾಜರಿ ಪುಸ್ತಕವೋ, ವಿದ್ಯಾರ್ಥಿಯೊಬ್ಬನ ಓಲೆಯೋ ಭಾಲ್ಕಿಯ ಯಾವುದಾದರೂ ಮನೆಯಲ್ಲಿ ಉಳಿದಿದ್ದರೆ, ಅದು ನನ್ನ ಮಟ್ಟಿಗೆ ನೂರು ಫರ್ಮಾನುಗಳಿಗಿಂತ ಅಮೂಲ್ಯವಾದುದು. ಮರಾಠಿ ಸೀಮೆಗೆ ಹೊಂದಿಕೊಂಡ ಔರಾದದ ಮನೆತನಗಳಲ್ಲಿ, ಹಿಂದೆ ಮರಾಠಿಯನ್ನು ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಲೆಕ್ಕಪತ್ರಗಳು ದೊರೆತರೆ, ಓದಲಾಗದೆಂಬ ಕಾರಣದಿಂದ ಅವನ್ನು ರದ್ದಿಗೆ ಹಾಕಬಾರದು. ಆ ಲಿಪಿಯನ್ನು ಬಲ್ಲವರು ಇನ್ನೂ ಇದ್ದಾರೆ.

ಕಾಗದದ ಮೇಲಿನ ವರ್ಷವು ವಿಚಿತ್ರವೆನಿಸಿದರೆ ಅದು ನಿಜಾಮರ ಆಡಳಿತದಲ್ಲಿ ಬಳಕೆಯಲ್ಲಿದ್ದ ಫಸಲಿ ಶಕೆಯಾಗಿರಬಹುದು: ಅದಕ್ಕೆ 590 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕವು ಲಭಿಸುವುದು, ಫಸಲಿ 1357 ಎಂದರೆ 1947-48, ಅಂದರೆ ನಿಜಾಮಪರ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಯ ವರ್ಷ.

ಇನ್ನು ದೊರೆತ ಛಾಯಾಚಿತ್ರಗಳನ್ನು ಕಾಪಾಡುವ ಬಗೆ: ತೇವವೇ ಅವುಗಳ ಪರಮಶತ್ರು. ಅವುಗಳಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿಯಿಂದ ಅಂಟಿಸದೆ, ಆಮ್ಲರಹಿತ ಕಾಗದದಲ್ಲಿ ಸುತ್ತಿಡಿರಿ. ಚಿತ್ರದಲ್ಲಿರುವವರ ಹೆಸರು, ಊರು, ಸಂದರ್ಭಗಳನ್ನು ಹಿರಿಯರಿಂದ ಕೇಳಿ ತಿಳಿದು, ಹಿಂಬದಿಯಲ್ಲಿ ಮೃದುವಾದ ಸೀಸದಕಡ್ಡಿಯಿಂದ ಈಗಲೇ ಬರೆದಿಡಿರಿ.